ಸಸ್ಯಶಾಸ್ತ್ರ ಪದವಿಯಲ್ಲಿ ಹಾಜರಾತಿ ಮತ್ತು ಮೌಲ್ಯಮಾಪನ: ಮೈಸೂರು

ಮೈಸೂರಿನಲ್ಲಿ ಸಸ್ಯಶಾಸ್ತ್ರ ಪದವಿಯ ಪರೀಕ್ಷಾ ನಿಯಮಗಳು ಹಲವು ಸಲ ಬದಲಾಗಿವೆ. ಬದಲಾದದ್ದು ಹೆಚ್ಚಾಗಿ ಥಿಯರಿ ಅಂಕಗಳ ಹಂಚಿಕೆ. ಪ್ರಾಯೋಗಿಕ ಪರೀಕ್ಷೆ ಬಹುಮಟ್ಟಿಗೆ ಹಳೆಯ ಜಾಡಿನಲ್ಲೇ ಇದೆ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಾಠ ಕಾಲೇಜಿನದು, ಪರೀಕ್ಷೆ ವಿಶ್ವವಿದ್ಯಾನಿಲಯದ್ದು ಎಂಬ ಪದ್ಧತಿ ಅಲ್ಲಿಂದ ಬಂದದ್ದು. ಆರಂಭದಲ್ಲಿ ವಿಜ್ಞಾನ ಬೋಧನೆಯ ಕೇಂದ್ರ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಮೈಸೂರಿನಲ್ಲಿ 1928ರಲ್ಲಿ ಯುವರಾಜ ಕಾಲೇಜು ಆರಂಭವಾಯಿತು. 1960ರಲ್ಲಿ ಕುಕ್ಕರಹಳ್ಳಿ ಕೆರೆಗೆ ಹತ್ತಿರದ ಮಾನಸಗಂಗೋತ್ರಿ ಸ್ನಾತಕೋತ್ತರ ಕೇಂದ್ರವಾಯಿತು.

ಒಂದೇ ಅಂತಿಮ ಪರೀಕ್ಷೆಯನ್ನು ನೆಚ್ಚಿಕೊಳ್ಳುವುದರ ಬಗ್ಗೆ ಆಕ್ಷೇಪ ಹೊಸದಲ್ಲ. ಹಿಂದೆ ಮೈಸೂರಿನಲ್ಲೇ ಪ್ರಾಧ್ಯಾಪಕರಾಗಿದ್ದ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ 1948–49ರ ಆಯೋಗ, ಮೂರನೇ ಒಂದು ಭಾಗ ಅಂಕಗಳನ್ನು ವರ್ಷವಿಡೀ ತರಗತಿಯಲ್ಲಿ ಮಾಡಿದ ಕೆಲಸಕ್ಕೆ ಮೀಸಲಿಡಬೇಕೆಂದಿತು. 1964–66ರ ಕೊಠಾರಿ ಆಯೋಗವೂ ಆಂತರಿಕ ಮೌಲ್ಯಮಾಪನದ ಪರ ನಿಂತಿತು. ಕಾಲೇಜಿನ ಮಟ್ಟದಲ್ಲಿ ಅದು ಗಟ್ಟಿಯಾಗಿ ಬೇರೂರಿದ್ದು ಸೆಮಿಸ್ಟರ್ ಪದ್ಧತಿಯೊಂದಿಗೆ. 2021ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ ಥಿಯರಿಯ 100 ಅಂಕಗಳಲ್ಲಿ 40 ಆಂತರಿಕವಾದವು, 60 ಸೆಮಿಸ್ಟರ್ ಪರೀಕ್ಷೆಗೆ ಉಳಿದವು. 2024ರಲ್ಲಿ ರಾಜ್ಯ ಆ ನೀತಿಯಿಂದ ಹಿಂದೆ ಸರಿದು ಮತ್ತೆ ಮೂರು ವರ್ಷದ ಪದವಿಗೆ ಮರಳಿತು.

ಪ್ರಾಯೋಗಿಕ ಪರೀಕ್ಷೆಯ ಲೋಕವೇ ಬೇರೆ. ಖಾಲಿ ಸೈಟುಗಳಲ್ಲಿ ತಾನಾಗಿ ಬೆಳೆಯುವ ಕೊಮ್ಮೆ ಗಿಡದ ಕಾಂಡವನ್ನು ಬ್ಲೇಡಿನಿಂದ ಅಡ್ಡಲಾಗಿ ಸೀಳಿ, ಬೆಳಕು ಹಾಯುವಷ್ಟು ತೆಳುವಾದ ಸೆಕ್ಷನ್ನನ್ನು ಆರಿಸಿ, ಸ್ಯಾಫ್ರನಿನ್ ಬಣ್ಣ ಹಚ್ಚಿ, ಗ್ಲಿಸರಿನ್‌ನಲ್ಲಿ ಕೂರಿಸಿ ಪರೀಕ್ಷಕರಿಗೆ ತೋರಿಸಬೇಕು. ಅಸಹಜ ದ್ವಿತೀಯಕ ಬೆಳವಣಿಗೆ, ಅಂದರೆ ವಾಹಕ ಕೂರ್ಚಗಳ ಉಂಗುರಗಳು, ಆಗ ಕಣ್ಣಿಗೆ ಬೀಳುತ್ತವೆ. ಸೆಕ್ಷನ್ ಓರೆಯಾದರೆ ಎಷ್ಟು ಓದಿದ್ದರೂ ಪ್ರಯೋಜನವಿಲ್ಲ. ದಾಸವಾಳ ಕೊಟ್ಟರೆ ಒಂದೇ ಕೊಳವೆಯಾಗಿ ಕೂಡಿಕೊಂಡ ಕೇಸರಗಳನ್ನೂ ಐದು ಕೋಣೆಗಳ ಅಂಡಾಶಯವನ್ನೂ ಗುರುತಿಸಿ, ಪುಷ್ಪಚಿತ್ರ ಬರೆದು, ಪುಷ್ಪಸೂತ್ರದೊಂದಿಗೆ ಮಾಲ್ವೇಸೀ ಕುಟುಂಬಕ್ಕೆ ಸೇರಿಸಬೇಕು. ಜೊತೆಗೆ ಸ್ಪಾಟರ್‌ಗಳು, ಅಂದರೆ ನೋಡಿ ಗುರುತಿಸಬೇಕಾದ ಮಾದರಿಗಳು, ಮತ್ತು ಮೌಖಿಕ ಪರೀಕ್ಷೆಯಾದ ವೈವಾ. ವಿಭಾಗದ ಮುಖ್ಯಸ್ಥರ ಸಹಿ ಬಿದ್ದ ರೆಕಾರ್ಡ್ ಪುಸ್ತಕವಿಲ್ಲದೆ ಬಂದವರು ಪರೀಕ್ಷೆಯ ಬಾಗಿಲಲ್ಲೇ ತೊಡಕಿಗೆ ಸಿಲುಕುತ್ತಾರೆ.

ಹಾಜರಾತಿ ನಿಯಮಕ್ಕೆ ಈ ವಿಷಯದಲ್ಲಿ ಹೆಚ್ಚಿನ ಅರ್ಥವಿರುವುದು ಇದೇ ಕಾರಣಕ್ಕೆ. ಥಿಯರಿ ತರಗತಿ ತಪ್ಪಿದರೆ ಗೆಳೆಯರ ನೋಟ್ಸ್ ಸಿಗುತ್ತದೆ. ತಪ್ಪಿದ ಪ್ರಾಕ್ಟಿಕಲ್‌ಗೆ ಅಂಥ ದಾರಿಯಿಲ್ಲ, ಪ್ರಾಕ್ಸಿ ಹಾಜರಿ ಕೈಗೆ ಕಸುಬು ಕಲಿಸುವುದಿಲ್ಲ. ಸಾಮಾನ್ಯ ಮಿತಿ ಶೇ. 75. ಅದಕ್ಕಿಂತ ಕಡಿಮೆಯಿದ್ದವರು ಪರೀಕ್ಷೆಗೆ ಅರ್ಹತೆ ಕಳೆದುಕೊಳ್ಳುತ್ತಾರೆ. ಅನಾರೋಗ್ಯ, ಎನ್‌ಸಿಸಿ, ಕ್ರೀಡೆಗಳಿಗಾಗಿ ಗೈರಾದವರಿಗೆ ದಾಖಲೆ ಕೊಟ್ಟರೆ ವಿನಾಯಿತಿ ಸಿಗಬಹುದು.

ಹರ್ಬೇರಿಯಂ ಸಲ್ಲಿಕೆ ಮಾತ್ರ ಮರುಚಿಂತನೆಗೆ ಒಳಗಾಗಿದೆ. ಪ್ರತಿ ವಿದ್ಯಾರ್ಥಿಯೂ ಬೇರು ಸಹಿತ ಗಿಡ ಕಿತ್ತು ಒಣಗಿಸುವುದು ಅಪರೂಪದ ಪ್ರಭೇದಗಳಿಗೆ ಕುತ್ತು. ಹೀಗಾಗಿ ಕಳೆಗಿಡಗಳಿಗಷ್ಟೇ ಸೀಮಿತವಾದ ಸಂಗ್ರಹ, ಇಲ್ಲವೇ ಛಾಯಾಚಿತ್ರಗಳ ಆಲ್ಬಮ್ ಅದರ ಜಾಗಕ್ಕೆ ಬರಬಲ್ಲದು.