ದೇವರಾಗಿದ್ದ ಬೆಕ್ಕು ಹೇಳಿದ ಚರಿತ್ರೆ

ನಾನು ಬನಹಟ್ಟಿಯ ನೇಕಾರರೊಬ್ಬರ ಮನೆಯ ಬೆಕ್ಕು. ಬೆಕ್ಕು ಚರಿತ್ರೆ ಹೇಳುವುದೇ ಎಂದು ಹುಬ್ಬೇರಿಸಬೇಡಿ. ಹುಬ್ಬಿನ ವಿಷಯ ಮುಂದೆ ಬರಲಿದೆ.

ನಮ್ಮ ಸೀಮೆಯಲ್ಲಿ ಸಾಕುಪ್ರಾಣಿಯ ಮಾತು ಬಂದರೆ ಎಲ್ಲರೂ ಕೈ ತೋರಿಸುವುದು ಮುಧೋಳದ ಕಡೆಗೆ. ಅಲ್ಲಿಯ ಬೇಟೆನಾಯಿಗೆ ಘೋರ್ಪಡೆ ಅರಸರ ಆಶ್ರಯ ದೊರೆಯಿತು. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿಯೂ ಬಂತು. ಜಮಖಂಡಿಯಿಂದ ಬೀಳಗಿಯವರೆಗೆ ನನಗೆ ಸಿಕ್ಕ ಬಿರುದು ಒಂದೇ: ಅಪಶಕುನ! ನಾನು ಅಡ್ಡ ಬಂದರೆ ಸೈಕಲ್ ಸವಾರರೂ ಇಳಿದು ನಿಲ್ಲುತ್ತಾರೆ. ಇರಲಿ. ನಾಯಿಗೆ ಸಿಕ್ಕಿದ್ದು ಚೀಟಿ, ನಮ್ಮ ಪೂರ್ವಿಕರಿಗೆ ಸಿಕ್ಕಿದ್ದು ಗುಡಿ.

ಆ ಗುಡಿ ಇದ್ದದ್ದು ಈಜಿಪ್ಟಿನ ಬುಬಾಸ್ಟಿಸ್ ನಗರದಲ್ಲಿ. ನೈಲ್ ನದಿಯ ಬಯಲಿನ ಕಣಜಗಳನ್ನು ಇಲಿ, ಹಾವುಗಳಿಂದ ಕಾಯ್ದ ನಮ್ಮವರ ಮೇಲೆ ಅಲ್ಲಿಯ ಜನರಿಗೆ ಮೊದಲು ಪ್ರೀತಿ ಹುಟ್ಟಿತು, ಆಮೇಲೆ ಭಕ್ತಿ. ಬಾಸ್ಟೆಟ್ ದೇವತೆಗೆ ಮೊದಲು ಸಿಂಹಿಣಿಯ ಮುಖವಿತ್ತು. ಕಾಲಕ್ರಮದಲ್ಲಿ ನಮ್ಮ ಮುಖ ಬಂತು. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿರುವಂತೆ, ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು. ನಾಯಿ ಸತ್ತರೆ ಇಡೀ ಮೈಯನ್ನೇ ಬೋಳಿಸಿಕೊಳ್ಳುತ್ತಿದ್ದರೆಂದೂ ಆತ ಬರೆದಿದ್ದಾನೆ. ದಯವಿಟ್ಟು ಅದನ್ನು ಮುಧೋಳದಲ್ಲಿ ಹೇಳಬೇಡಿ.

ಇಲ್ಲಿಯವರೆಗೆ ನಾನು ಮೀಸೆ ತಿರುವಿದ್ದಾಯಿತು. ಇನ್ನು ಮೀಸೆ ಇಳಿಯುವ ಮಾತು. ಭಕ್ತರು ಹೆಚ್ಚಿದಂತೆ ಹರಕೆಯೂ ಹೆಚ್ಚಿತು. ದೇವತೆಗೆ ಒಪ್ಪಿಸಲು ಬೆಕ್ಕಿನ ಮಮ್ಮಿಗಳು ಬೇಕಾದವು. ವಸ್ತುಸಂಗ್ರಹಾಲಯಗಳಲ್ಲಿರುವ ಇಂಥ ಮಮ್ಮಿಗಳನ್ನು ಎಕ್ಸ್-ರೇ ಮಾಡಿ ನೋಡಿದಾಗ, ಹಲವು ಎಳೆಯ ಮರಿಗಳ ಕತ್ತು ಮುರಿದಿರುವುದು ಕಂಡುಬಂತು. ಪೂಜೆಗಾಗಿಯೇ ಸಾಕಿ, ಪೂಜೆಗಾಗಿಯೇ ಕೊಂದಿದ್ದರು! 1888ರಲ್ಲಿ ಬೆನಿ ಹಸನ್ ಬಳಿ ನೆಲ ಅಗೆದಾಗ ಇಂಥ ಮಮ್ಮಿಗಳ ರಾಶಿಯೇ ಸಿಕ್ಕಿತು. ಅದರಲ್ಲಿ ಸುಮಾರು 19 ಟನ್‌ನಷ್ಟು 1890ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹಡಗೇರಿ ಹೋಯಿತು. ಏತಕ್ಕೆ ಗೊತ್ತೇ? ಹೊಲಕ್ಕೆ ಗೊಬ್ಬರವಾಗಲು. ನಿನ್ನೆಯ ದೇವರು, ಇಂದಿನ ಗೊಬ್ಬರ.

ನಮ್ಮ ನಾಡಿನ ಭಕ್ತಿಯೇ ಎಷ್ಟೋ ಮೇಲು. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಪೂಜಿಸುತ್ತಾರೆ. ಊರಿನ ಹೆಸರಿನಲ್ಲೇ ನಾವಿದ್ದೇವೆ! ಅಲ್ಲಿ ಬೆಕ್ಕಿಗೆ ಹಿಂಸೆ ಮಾಡುವಂತಿಲ್ಲ. ಸತ್ತರೆ ಮರ್ಯಾದೆಯಿಂದ ಮಣ್ಣು ಮಾಡುತ್ತಾರೆ. ಹರಕೆಗೆ ಕೊಲ್ಲದೆ ಬದುಕಲು ಬಿಡುವ ಪೂಜೆ ಅದು.

ಆದರೂ ಓದುಗರೇ, ನನಗೆ ಗುಡಿ ಬೇಡ. ನಮ್ಮ ಮನೆಯಲ್ಲಿ ಗಂಜಿ ಹಾಕಿದ ನೂಲಿಗೆ ಇಲಿ ಬಾಯಿ ಹಾಕಿದರೆ ಯಜಮಾನರ ವಾರದ ದುಡಿಮೆ ಹಾಳು. ನೈಲ್ ತೀರದ ನನ್ನ ಮುತ್ತಜ್ಜಿ ಕಣಜ ಕಾಯ್ದಳು, ನಾನು ಮಗ್ಗ ಕಾಯುತ್ತೇನೆ. ಅದಕ್ಕೆ ಕೂಲಿ ಒಂದು ಬಟ್ಟಲು ಹಾಲು, ಮಲಗಲು ಒಂದು ಮೂಲೆ. ನಾಳೆ ನಾನು ದಾರಿಗೆ ಅಡ್ಡ ಬಂದರೆ ಕೈಮುಗಿಯಲೂ ಬೇಡಿ, ಕಲ್ಲೆಸೆಯಲೂ ಬೇಡಿ. ನಿಮ್ಮ ಹಾಗೆ ನಾನೂ ಕೆಲಸಕ್ಕೆ ಹೊರಟಿರುತ್ತೇನೆ.