ಎರಡು ಪದರಗಳ ಭಕ್ಷ್ಯದ ಚರಿತ್ರೆ

ಅಮೆರಿಕದ ಮನೆಗಳಲ್ಲಿಯೂ ಬೇಕರಿಗಳಲ್ಲಿಯೂ ಬೇಯಿಸುವ ಒಂದು ಸಿಹಿ ಭಕ್ಷ್ಯವುಂಟು. ಕತ್ತರಿಸಿ ನೋಡಿದರೆ ಕೆಳಗೆ ಕಂದು ಪದರ, ಮೇಲೆ ಬಿಳಿಯ ಪದರ. ಕೆಳಗಿನದು ಚಾಕೊಲೇಟು, ಬೆಣ್ಣೆ, ಸಕ್ಕರೆ, ಮೊಟ್ಟೆ ಮತ್ತು ಕೊಂಚ ಹಿಟ್ಟು ಸೇರಿದ ಬ್ರೌನಿ. ಮೇಲಿನದು ಮೆದುವಾದ ಚೀಸಿನಿಂದ ಮಾಡುವ ಚೀಸ್‌ಕೇಕ್. ಗಿಣ್ಣನ್ನು ತಿಂದು ಬಲ್ಲವರಿಗೆ ಅದರ ಹದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ತಟ್ಟೆಯಲ್ಲಿ ಅವಳಿಗಳಂತೆ ಕಂಡರೂ ಇವೆರಡರ ವಯಸ್ಸಿನಲ್ಲಿ ಎರಡು ಸಾವಿರ ವರ್ಷಗಳ ಅಂತರವಿದೆ.

ಮೊದಲು ಹಿರಿಯದರ ಮಾತು. ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ರೋಮಿನ ರಾಜಕಾರಣಿ ಕೇಟೋ ಬೇಸಾಯವನ್ನು ಕುರಿತು ಒಂದು ಗ್ರಂಥ ಬರೆದನು. ದ್ರಾಕ್ಷಿ ತೋಟ, ಎಣ್ಣೆಗಾಣಗಳ ವಿಚಾರದ ನಡುವೆ ‘ಲೀಬುಮ್’ ಎಂಬ ತಿನಿಸಿನ ಪಾಕವೂ ಅದರಲ್ಲಿದೆ. ಎರಡು ಪೌಂಡು ಚೀಸನ್ನು ಒರಳಿನಲ್ಲಿ ಚೆನ್ನಾಗಿ ಅರೆದು, ಒಂದು ಪೌಂಡು ಹಿಟ್ಟು, ಒಂದು ಮೊಟ್ಟೆ ಸೇರಿಸಿ, ಎಲೆಗಳ ಮೇಲಿಟ್ಟು, ಮಣ್ಣಿನ ಪಾತ್ರೆ ಕವುಚಿ ನಿಧಾನವಾಗಿ ಬೇಯಿಸಬೇಕೆಂದು ಅವನ ವಿಧಿ. ರೋಮನರು ಇದನ್ನು ದೇವರಿಗೆ ನೈವೇದ್ಯವಾಗಿಯೂ ಇಡುತ್ತಿದ್ದರು. ಜೇನುತುಪ್ಪ ಬೆರೆತ ‘ಸವಿಲ್ಲುಮ್’ ಎಂಬ ಇನ್ನೊಂದು ತಿನಿಸನ್ನೂ ಅವನು ಹೇಳಿದ್ದಾನೆ. ಇಂದಿನ ಚೀಸ್‌ಕೇಕಿಗೆ ಅದು ಇನ್ನೂ ಹತ್ತಿರದ ನಂಟು.

ಯೂರೋಪಿನ ಉದ್ದಗಲಕ್ಕೂ ಹಬ್ಬಿದ ಈ ತಿನಿಸು ವಲಸೆಗಾರರೊಡನೆ ಅಮೆರಿಕಕ್ಕೆ ಬಂದಿತು. 1870ರ ದಶಕದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಚೆಸ್ಟರ್ ಎಂಬ ಊರಿನ ವಿಲಿಯಂ ಲಾರೆನ್ಸ್ ಎಂಬಾತ ಹಾಲಿಗೆ ಕೆನೆ ಬೆರೆಸಿದ ಮೆದು ಚೀಸನ್ನು ಕಾರ್ಖಾನೆಯಲ್ಲಿ ತಯಾರಿಸಲಾರಂಭಿಸಿದನು. 1880ರಲ್ಲಿ ಅದಕ್ಕೆ ‘ಫಿಲಡೆಲ್ಫಿಯ’ ಎಂಬ ಹೆಸರು ಬಿದ್ದಿತು. ತಯಾರಾಗುತ್ತಿದ್ದುದು ಮಾತ್ರ ನ್ಯೂಯಾರ್ಕಿನಲ್ಲಿ! ಪೂರ್ವ ಯೂರೋಪಿನಿಂದ ಬಂದ ಯೆಹೂದ್ಯರ ಚೀಸ್‌ಕೇಕ್ ಈ ಕೆನೆಚೀಸಿನೊಡನೆ ಕೂಡಿ, 20ನೆಯ ಶತಮಾನದ ಪೂರ್ವಾರ್ಧದಲ್ಲಿ ನ್ಯೂಯಾರ್ಕಿನ ಹೆಮ್ಮೆಯ ತಿನಿಸಾಯಿತು.

ಇನ್ನು ಬ್ರೌನಿ. ಇದರ ಹುಟ್ಟಿಗೆ ಒಂದು ಪ್ರಸಿದ್ಧ ಕಥೆಯಿದೆ. 1893ರಲ್ಲಿ ಶಿಕಾಗೋ ನಗರದಲ್ಲಿ ಕೊಲಂಬಸನ ಹೆಸರಿನ ಭಾರಿ ಪ್ರದರ್ಶನ ನಡೆಯಿತು. ಅದರ ಮಹಿಳಾ ಮಂಡಲಿಯ ಅಧ್ಯಕ್ಷೆ ಬರ್ತಾ ಪಾಮರ್, ಊಟದ ಪೊಟ್ಟಣದಲ್ಲಿ ಹಿಡಿಸುವಂಥ ಸಣ್ಣ ಕೇಕ್ ಬೇಕೆಂದು ತನ್ನ ಗಂಡನ ಹೋಟೆಲಾದ ಪಾಮರ್ ಹೌಸಿನ ಅಡಿಗೆಯವರನ್ನು ಕೇಳಿದಳೆಂದೂ ಆಗ ಬ್ರೌನಿ ಹುಟ್ಟಿತೆಂದೂ ಆ ಹೋಟೆಲಿನವರು ಹೇಳುತ್ತಾರೆ.

ಅಚ್ಚಾದ ಪುಸ್ತಕಗಳು ಹೇಳುವುದು ಬೇರೆ. 1896ರಲ್ಲಿ ಫ್ಯಾನಿ ಫಾರ್ಮರ್ ಪ್ರಕಟಿಸಿದ ಬಾಸ್ಟನ್ ಪಾಕಶಾಲೆಯ ಪುಸ್ತಕದಲ್ಲಿ ‘ಬ್ರೌನಿ’ ಎಂಬ ಹೆಸರಿದೆ, ಚಾಕೊಲೇಟಿಲ್ಲ. ಅದು ಕಾಕಂಬಿ ಹಾಕಿದ ಪುಟ್ಟ ಕೇಕ್. 1904ರಲ್ಲಿ ಶಿಕಾಗೋದ ಒಂದು ಸೇವಾ ಸಂಘದ ಪಾಕಪುಸ್ತಕದಲ್ಲಿ ಚಾಕೊಲೇಟಿನ ಬ್ರೌನಿ ಬರುತ್ತದೆ. ಅಲ್ಲಿ ಅದರ ಹೆಸರು ‘ಬ್ಯಾಂಗರ್ ಬ್ರೌನಿ’. ಬ್ಯಾಂಗರ್ ದೂರದ ಮೇಯ್ನ್ ಸಂಸ್ಥಾನದ ಊರು. ಫಾರ್ಮರಳ ಪುಸ್ತಕದಲ್ಲಿ ಚಾಕೊಲೇಟು ಸೇರಿದುದು 1906ರಲ್ಲಿ. ಹೋಟೆಲಿನ ಕಥೆ ಕೇಳಲು ಸೊಗಸು. ಆದರೆ ಚರಿತ್ರೆಗೆ ಹೆಚ್ಚು ನಂಬಿಕೆಯ ಸಾಕ್ಷಿ ಮಹಿಳೆಯರು ಅಚ್ಚುಹಾಕಿಸಿದ ಈ ಪುಸ್ತಕಗಳೇ.

ಫಾರ್ಮರಳ ವಿಷಯವಾಗಿ ಇನ್ನೊಂದು ಮಾತು ಹೇಳಬೇಕು. ಹದಿನಾರನೆಯ ವಯಸ್ಸಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಓದನ್ನು ನಿಲ್ಲಿಸಬೇಕಾಗಿ ಬಂದ ಈಕೆ ಮುಂದೆ ಪಾಕಶಾಲೆಯ ಮುಖ್ಯಸ್ಥೆಯಾದಳು. ‘ಒಂದು ಹಿಡಿ’, ‘ಬೆಣ್ಣೆ ಒಂದು ಉಂಡೆ’ ಎಂಬ ಅಂದಾಜಿನ ಲೆಕ್ಕವನ್ನು ಬಿಟ್ಟು, ಬಟ್ಟಲನ್ನೂ ಚಮಚವನ್ನೂ ತಲೆಸವರಿ ಸಮಮಟ್ಟವಾಗಿ ಅಳೆಯಬೇಕೆಂದು ಹಟಹಿಡಿದು ಕಲಿಸಿದಳು. ಅಳತೆ ನಿಂತಮೇಲೆ, ಹೇಳಿಕೊಡುವ ಅಜ್ಜಿ ಪಕ್ಕದಲ್ಲಿಲ್ಲದಿದ್ದರೂ ಪಾಕ ಊರಿಂದೂರಿಗೆ ಹೋಗಬಹುದಾಯಿತು.

ಜೋಡಿ ಭಕ್ಷ್ಯಕ್ಕಂತೂ ಈ ಅಳತೆಯೇ ಜೀವ. ಎರಡು ಪದರಗಳ ಸ್ವಭಾವ ಬೇರೆ ಬೇರೆ. ಬ್ರೌನಿಗೆ ಹಿಟ್ಟಿನ ಆಧಾರವಿದೆ. ಚೀಸಿನ ಪದರವನ್ನು ಕಟ್ಟಿ ನಿಲ್ಲಿಸುವುದು ಮುಖ್ಯವಾಗಿ ಮೊಟ್ಟೆ. ಉರಿ ಹೆಚ್ಚಾದರೆ ಮೊಟ್ಟೆ ಬಿಗಿದು ಚೀಸು ಬಿರುಕುಬಿಡುತ್ತದೆ; ಕಡಮೆಯಾದರೆ ಅಡಿ ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಬ್ರೌನಿಯನ್ನು ಮೊದಲು ಸ್ವಲ್ಪ ಬೇಯಿಸಿ, ಅನಂತರ ಚೀಸಿನ ಮಿಶ್ರಣ ಸುರಿದು, ಸುಮಾರು 160 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸಾವಕಾಶವಾಗಿ ಬೇಯಿಸುವ ರೂಢಿಯುಂಟು. ನಡುಭಾಗ ಇನ್ನೂ ತುಸು ಅಲುಗುತ್ತಿರುವಾಗಲೇ ಇಳಿಸಿ, ಪೂರ್ತಿ ತಣಿದಮೇಲೆ ಕತ್ತರಿಸಬೇಕು. ‘ನಿಧಾನವಾಗಿ’ ಎಂದ ಕೇಟೋನ ಮಾತು ಇಲ್ಲಿಯೂ ಸಲ್ಲುತ್ತದೆ.

ಕೋಕೋ ಅಮೆರಿಕ ಖಂಡದ ಮರ. ಇಂದು ಪ್ರಪಂಚದ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಪಶ್ಚಿಮ ಆಫ್ರಿಕದ್ದು. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲಿಯೂ ಅದು ಬೆಳೆಯುತ್ತದೆ; 1986ರಲ್ಲಿ ಪುತ್ತೂರಿನಲ್ಲಿ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊದ ಚಾಕೊಲೇಟು ಕಾರ್ಖಾನೆ ಆರಂಭವಾಯಿತು. ಹೀಗೆ ದೂರದ ಭಕ್ಷ್ಯಕ್ಕೂ ನಮ್ಮ ತೋಟಕ್ಕೂ ನಂಟುಂಟು.

ಬರೆದಿಟ್ಟವರಿದ್ದುದರಿಂದಲೇ ಬ್ರೌನಿಯ ಚರಿತ್ರೆಯಲ್ಲಿ ಕಥೆ ಯಾವುದು, ಸಾಕ್ಷಿ ಯಾವುದು ಎಂದು ಬೇರ್ಪಡಿಸಲು ಸಾಧ್ಯವಾಗಿದೆ. ನಮ್ಮ ಮನೆಗಳ ಹಿರಿಯರು ಕೈಯಂದಾಜಿನಲ್ಲಿ ಮಾಡುವ ಭಕ್ಷ್ಯಗಳನ್ನೂ ಅಳತೆಯೊಡನೆ, ಮಾಡಿದವರ ಹೆಸರಿನೊಡನೆ, ಇಸವಿಯೊಡನೆ ಬರೆದಿಡುವುದು ಒಳ್ಳೆಯದು.