ತಂತುದೀಪದ ನಿರ್ಗಮನ

ಉಪಕರಣಗಳ ಚರಿತ್ರೆಯನ್ನು ಬರೆಯುವವರು ಅವುಗಳ ಹುಟ್ಟನ್ನು ವಿಸ್ತಾರವಾಗಿ ವರ್ಣಿಸಿ, ನಿರ್ಗಮನವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ವಾಡಿಕೆ. 1879ರಲ್ಲಿ ಎಡಿಸನ್ ಇಂಗಾಲದ ತಂತುವಿನ ದೀಪವನ್ನು ಬೆಳಗಿಸಿದ ವೃತ್ತಾಂತ ಎಲ್ಲರಿಗೂ ತಿಳಿದದ್ದೇ. ಆ ದೀಪವು ಮನೆಗಳಿಂದ ಹೊರಬಿದ್ದ ಬಗೆ ಅದಕ್ಕಿಂತ ವಿಚಾರಯೋಗ್ಯವಾದುದು.

ತಂತು ಬೆಳಗುವುದು ಕಾಯುವುದರಿಂದ. ಒಳಹೊಕ್ಕ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಭಾಗವು ಶಾಖವಾಗಿಯೇ ಹೊರಬೀಳುತ್ತದೆ. ದೀಪದ ಕೆಲಸ ಬೆಳಕನ್ನು ಕೊಡುವುದಷ್ಟೇ ಎಂದಾದರೆ ಇದು ಶುದ್ಧ ನಷ್ಟ. ಐರೋಪ್ಯ ಒಕ್ಕೂಟವು ಈ ಲೆಕ್ಕವನ್ನೇ ಹಿಡಿದು, 2009ರ ಸೆಪ್ಟೆಂಬರಿನಲ್ಲಿ 100 ವಾಟಿನ ಬಲ್ಬುಗಳನ್ನೂ, ಮುಂದೆ ಹಂತಹಂತವಾಗಿ 2012ರ ವೇಳೆಗೆ 40 ಮತ್ತು 25 ವಾಟಿನವುಗಳನ್ನೂ ಹೊಸದಾಗಿ ಮಾರುಕಟ್ಟೆಗೆ ಬಿಡುವುದನ್ನು ನಿಲ್ಲಿಸಿತು.

ಆದರೆ ಮನೆಮಂದಿಯ ಲೆಕ್ಕವೇ ಬೇರೆ. ತಾಯಿಯಿಲ್ಲದ ಕೋಳಿಮರಿಗಳ ಪೆಟ್ಟಿಗೆಯ ಮೇಲೆ ಬಲ್ಬನ್ನು ಇಳಿಬಿಡುವ ರೂಢಿ ಅಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು; ಮರಿಗಳಿಗೆ ಬೇಕಾದುದು ಬೆಳಕಲ್ಲ, ಕಾವು. ಅಮೆರಿಕದ ಕೆನ್ನರ್ ಕಂಪನಿಯು 1963ರಲ್ಲಿ ಮಕ್ಕಳಿಗಾಗಿ ಹೊರತಂದ ‘ಈಜಿ ಬೇಕ್’ ಎಂಬ ಆಟದ ಒಲೆ ಇನ್ನೂ ಸ್ವಾರಸ್ಯಕರವಾದುದು. ಅದರೊಳಗೆ ನಿಜವಾದ ಕೇಕು ಬೇಯುತ್ತಿದ್ದುದು ಸಾಮಾನ್ಯ ಬಲ್ಬಿನ ಬಿಸಿಯಿಂದಲೇ. ಅಮೆರಿಕದ 2007ರ ಶಾಸನದಿಂದ 100 ವಾಟಿನ ಬಲ್ಬು ಮರೆಯಾಗುವುದೆಂದು ಖಚಿತವಾದ ಮೇಲೆ, 2011ರಲ್ಲಿ ಆ ಒಲೆಗೆ ಬೇರೆಯೇ ಕಾವಿನ ಅಂಗವನ್ನು ಜೋಡಿಸಬೇಕಾಯಿತು. ನಷ್ಟವೆಂದು ಬರೆದಿಟ್ಟದ್ದೇ ಇಲ್ಲಿ ಬಂಡವಾಳವಾಗಿತ್ತು.

ಈ ವಿರೋಧವನ್ನು ಬಯಲಿಗೆಳೆದವನು ಜರ್ಮನಿಯ ಒಬ್ಬ ಎಂಜಿನಿಯರು. 2010ರಲ್ಲಿ ಆತನು ಅದೇ ಬಲ್ಬುಗಳನ್ನು ‘ಹೀಟ್‌ಬಾಲ್’ ಎಂಬ ಹೆಸರಿನಿಂದ, ಇವು ದೀಪಗಳಲ್ಲ, ದೀಪದ ಹಿಡಿಕೆಗೆ ಕೂಡುವ ಪುಟ್ಟ ಶಾಖಯಂತ್ರಗಳು ಎಂದು ಸಾರಿ ಮಾರಿದನು. ಅಧಿಕಾರಿಗಳು ಮಾರಾಟವನ್ನು ತಡೆದರು. ನ್ಯಾಯಾಲಯವೂ ಅವರ ಪಕ್ಷವನ್ನೇ ಎತ್ತಿಹಿಡಿಯಿತು. ಹಾಸ್ಯವೆಂದು ಇದನ್ನು ತಳ್ಳಿಹಾಕುವುದು ನ್ಯಾಯವಲ್ಲ, ಚಳಿನಾಡಿನ ಕೊಠಡಿಯಲ್ಲಿ ಬಲ್ಬಿನ ಬಿಸಿ ವ್ಯರ್ಥವಾಗುವುದಿಲ್ಲವಷ್ಟೆ. ಆದರೂ ಕಲ್ಲಿದ್ದಲನ್ನುರಿಸಿ ವಿದ್ಯುತ್ತನ್ನು ಪಡೆದು, ಅದರಿಂದ ಮತ್ತೆ ಕೋಣೆಯನ್ನು ಕಾಯಿಸುವುದು ದುಬಾರಿಯ ಸುತ್ತುಬಳಸು. ಒಟ್ಟಿನಲ್ಲಿ ಶಾಸನದ ಕಡೆಯೇ ತೂಕ ಹೆಚ್ಚು.

ಆ ಶಾಸನವು ಅಡಿಗೆಯ ಒಲೆಯೊಳಗಿನ ಪುಟ್ಟ ದೀಪಕ್ಕೂ ವಿನಾಯಿತಿ ಕೊಟ್ಟಿತು. ಅದು ಕಾವನ್ನು ಕೊಡುತ್ತದೆಂದಲ್ಲ, ಒಲೆಯ ಕಾವನ್ನು ತಾಳುತ್ತದೆಂದು.